ನೈದಿಲೆಯ ಬೇರು

"ಕುಲದ ಹೂವಿನ ಬೇರನ್ನೇ ಕೊಯ್ದು ತಂದಿದೀಯಲ್ಲೇ! ಕೈಯಾದ್ರೂ ಹೆಂಗೆ ಬಂತೇ ನಿಂಗೆ?"

ಸಣ್ಣತಿಮ್ಮಯ್ಯನ ಕೂಗಿಗೆ ತಿಪಟೂರು ಕಾಲೇಜಿನ ಪ್ರಯೋಗಾಲಯದ ಸೀಸೆಗಳೇ ಅದುರಿದಂತಾಯಿತು. ಮಾರ್ಕೆಟ್ಟಿಗೆ ಕೊಬ್ಬರಿ ಹಾಕಿ ನೇರ ಬಂದಿದ್ದ. ಅಂಗಿಯ ತುಂಬ ಗೋಣಿಯ ಧೂಳು.

"ಕೊಯ್ಯದೆ ಒಳಗೇನೈತೆ ಅಂತ ನೋಡಕ್ಕಾಗಲ್ಲ ಕಣಪ್ಪ," ಎಂದಳು ಮಗಳು ಶಾಂತಕುಮಾರಿ.

"ನಮ್ಮಜ್ಜ ಕೆರೇಲಿ ಇದು ಕಾಲಿಗೆ ತಗುಲಿದ್ರೆ ಕೈ ಮುಗೀತಿದ್ದ. ನೀನು ಓದಕ್ಕೆ ಅಂತ ಬಂದು ಬ್ಲೇಡು ಹಾಕಿದ್ಯಾ!"

ಅವರದು ನೈದಿಲೆ ಬೆಡಗು, ಅಂದರೆ ಆ ಹೂವಿನ ಹೆಸರಿನ ವಂಶ. ಆ ಬೆಡಗಿನವರು ನೈದಿಲೆಯನ್ನು ಕೀಳುವಂತಿಲ್ಲ, ಮುಡಿಯುವಂತಿಲ್ಲ. ಅವರದೇ ಹಳ್ಳಿಯ ಕೆಂಚಯ್ಯನದು ತಾವರೆ ಬೆಡಗು. ಒಂದೇ ಕೆರೆಯ ಈ ಎರಡು ಹೂವು ಒಡಹುಟ್ಟಿದವು, ಹಾಗಾಗಿ ಎರಡು ಬೆಡಗಿನವರೂ ಅಣ್ಣತಮ್ಮಂದಿರು, ಹೆಣ್ಣು ಕೊಟ್ಟು ತರುವಂತಿಲ್ಲ ಎಂಬುದು ಊರಿನ ಕಟ್ಟು. ಶಾಂತಕುಮಾರಿ ಮಾತ್ರ ಕೆಂಚಯ್ಯನ ಮಗ ಶಂಭುಲಿಂಗನನ್ನೇ ಮದುವೆಯಾಗುತ್ತೇನೆಂದು ಕೂತಿದ್ದಳು.

"ಅಣ್ಣ ಆಗ್ಬೇಕಾದೋನ ಕೈಲಿ ತಾಳಿ ಕಟ್ಟಿಸ್ಕೋತೀಯಾ? ಥೂ!"

"ಹೂವೇ ಒಡಹುಟ್ಟಿದವಲ್ಲ ಅಂದ್ರೆ? ನಮ್ಮ ಪುಸ್ತಕದೋರೂ ಊರೋರ ಥರಾನೇ ಎರಡನ್ನೂ ಒಂದೇ ಕುಟುಂಬಕ್ಕೆ ಸೇರ್ಸಿದ್ರು. ಈಗ ಬೇರೆ ಅಂತಾವ್ರೆ. ಮೊದ್ಲು ನೋಡು, ಆಮೇಲೆ ಬೈಯಿ."

ಗೊಣಗುತ್ತಲೇ ಅವನು ಮೈಕ್ರೋಸ್ಕೋಪಿಗೆ ಬಗ್ಗಿದ. ಕಿಟಕಿಯ ಬಿಸಿಲು ಕೆಳಗಿನ ಪುಟ್ಟ ಕನ್ನಡಿಗೆ ಬಿದ್ದು ಮೇಲಕ್ಕೆ ಹಾಯುತ್ತಿತ್ತು. ಬೇರಿನ ತುದಿಗೆ ಬಣ್ಣ ಕುಡಿಸಿ, ಎರಡು ಗಾಜಿನ ನಡುವೆ ಹೆಬ್ಬೆರಳಲ್ಲಿ ಒತ್ತಿ ಇಟ್ಟಿದ್ದಳು. ಮೊದಲು ಕಂಡದ್ದು ಅವನದೇ ರೆಪ್ಪೆ. ಆಮೇಲೆ ಒಂದು ಬೆಳಕಿನ ಬಾವಿ. ಅದರ ತಳದಲ್ಲಿ ಕೆಂಪನೆಯ ಗಿಡ್ಡ ಕಡ್ಡಿಗಳು, ಯಾರೋ ಎಣಿಸಿ ಚೆಲ್ಲಿದ ಹಾಗೆ.

"ಅದು ತಾವರೆ. ಹದಿನಾರು. ಯಾವ ಕೆರೇಲಿ ಕಿತ್ರೂ ಹದಿನಾರೇ. ಕ್ರೋಮೋಸೋಮ್ ಅಂತಾರೆ. ತಾವರೆ ತಾವರೆಯಾಗೇ ಹುಟ್ಟಾದು ಅದ್ರಿಂದ." ಅವಳು ಗಾಜು ಬದಲಿಸಿದಳು. "ಇದು ನಮ್ದು."

ಜರಡಿಯಿಂದ ಉದುರಿದ ರಾಗಿಹಿಟ್ಟಿನಂತೆ ಸಣ್ಣ ಸಣ್ಣ ಚುಕ್ಕಿ. ಎಣಿಸಹೋದರೆ ಕಣ್ಣಿಗೇ ದಿಕ್ಕು ತಪ್ಪಿತು. ಅವನು ತಟ್ಟನೆ ಎದ್ದು ಹೋಗಿ, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದು, ಮತ್ತೆ ಬಗ್ಗಿದ.

"ಇಷ್ಟೆಲ್ಲ ಯಾರೇ ಇಟ್ಟೋರು ಇದ್ರೊಳಗೆ?" ದನಿ ಇಳಿದಿತ್ತು.

"ಗೊತ್ತಿಲ್ಲ ಕಣಪ್ಪ. ಕೆರೆ ಕಟ್ಟಾಕೂ ಮುಂಚಿಂದ ತಾಯಿಬೇರಿಂದ ಮರಿಬೇರಿಗೆ ಬತ್ತಾನೇ ಅವೆ."

"ನಮ್ಮಜ್ಜ ಕೈ ಮುಗೀತಿದ್ದುದು ಇದಕ್ಕೇ ಅನ್ನು."

ಅವಳು ತಡೆದು ಕೇಳಿದಳು. "ಎರಡು ಹೂವೂ ಬೇರೆ ಬೇರೆ ಅಲ್ವಾ?"

"ಬೇರೇನೇ ಕಣೇ. ಕಣ್ಣಾರೆ ಕಂಡಿದ್ದನ್ನ ಇಲ್ಲ ಅನ್ನಲ್ಲ ನಾನು. ಆದ್ರೆ ಊರೋರ್ನೆಲ್ಲ ಕತ್ತು ಹಿಡಿದು ತಂದು ಈ ತೂತಿಗೆ ಬಗ್ಗಿಸ್ಲಾ? ಧಾರೆ ಎರೆಯಾಕೆ ನನ್ನ ಕೈಲಾಗಲ್ಲ."

"ಶಂಭುಲಿಂಗ ಬಸ್ ಸ್ಟ್ಯಾಂಡಲ್ಲಿ ಕಾಯ್ತಾವ್ನೆ. ಈಗ ಹೋದ್ರೆ ತಿರುಗಿ ಬರಾಕಿಲ್ಲ ನಾನು."

ಅವನು ತಲೆ ಎತ್ತಲಿಲ್ಲ. "ನಾನಿನ್ನೂ ಇದನ್ನೇ ನೋಡ್ತಾ ಇವ್ನಿ. ಬಾಗಿಲಾಗೆ ಯಾರು ಹೋದ್ರೂ ನಂಗೆ ಕಾಣಾಕಿಲ್ಲ," ಎಂದ.

ಅವಳು ಬಿಳಿ ಕೋಟು ಬಿಚ್ಚಿ ಸ್ಟೂಲಿನ ಮೇಲೆ ಮಡಿಸಿಟ್ಟಳು. ಹೆಜ್ಜೆಯ ಸದ್ದು ಬಾಗಿಲು ದಾಟಿತು, ಮೆಟ್ಟಿಲಿಳಿಯಿತು, ಬೀದಿಯ ಸದ್ದಿನಲ್ಲಿ ಸೇರಿಹೋಯಿತು. ಮರಳಿ ಬರಲಿಲ್ಲ.

ಬಿಸಿಲು ಕನ್ನಡಿಯಿಂದ ಮೆಲ್ಲಗೆ ಸರಿಯಿತು. ಚುಕ್ಕಿಗಳು ಒಂದೊಂದಾಗಿ ಕತ್ತಲಿಗಿಳಿದವು. ಸಣ್ಣತಿಮ್ಮಯ್ಯ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿಕೊಂಡೇ ಇದ್ದ.