ನೀಲಂಗೆ ಬಂದ ಸೀಟು

ದಾಂಡೇಲಿಯ ಬಂಗೂರನಗರದಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಜೂನ್ ಬಂತೆಂದರೆ ಕಾಲೇಜು ಸೇರುವ ಮಕ್ಕಳ ಅರ್ಜಿ ತುಂಬಿ ತುಂಬಿ ತಲೆ ಕೆಟ್ಟುಹೋಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಹಾಗಾಗಿ ಆ ಮಕ್ಕಳ ಅರ್ಜಿಯಲ್ಲಿ ನನ್ನ ಮೊಬೈಲ್ ನಂಬರನ್ನೇ ಹಾಕುತ್ತೇನೆ. ಮೆಸೇಜ್ ಬಂದರೆ ನಾನೇ ತಿಳಿಸಬೇಕು. ಹಾಗೆ ಮಾಡಬಾರದು, ಗೊತ್ತು. ಆದರೆ ಇಲ್ಲಿ ಹಾಗೆಯೇ ನಡೆದುಬಂದಿದೆ.

ಹೋದ ವರ್ಷ ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಹುಡುಗಿ ನೀಲಂ ತನ್ನ ತಾಯಿ ಗಂಗೂ ಜೊತೆ ಬಂದಿದ್ದಳು. ಸಿಇಟಿ ಬರೆದಿದ್ದಳು. ಬಿಎಸ್ಸಿ ಅಗ್ರಿ ಒಂದೇ ಬೇಕು, ಬೇರೆ ಯಾವುದನ್ನೂ ಹಾಕಬೇಡಿ ಎಂದು ಹಟ ಹಿಡಿದಳು.

"ನಾ ಮಂದಿ ಹೊಲದಾಗ ದುಡದೇನ್ರಿ. ಇಕಿ ಅದ ಹೊಲದ ವಿದ್ಯಾ ಕಲೀತಾಳಂತ," ಎಂದು ಗಂಗೂ ನಕ್ಕಳು.

ಆಮೇಲೆ ನೀಲಂ ದಿನಾ ಗುಡ್ಡ ಹತ್ತಿ ಫೋನ್ ಮಾಡತೊಡಗಿದಳು. "ಅಕ್ಕಾರ, ಮೆಸೇಜ್ ಬಂತೇನ್ರಿ?"

ನಾಲ್ಕನೇ ದಿನ ನನಗೆ ಸಿಟ್ಟು ನೆತ್ತಿಗೇರಿತು. "ಯವ್ವಾ, ನನಗೇನ್ ಬ್ಯಾರೆ ಕೆಲಸ ಇಲ್ಲೇನ? ಬಂದ್ರ ನಾನ ಹೇಳ್ತೇನಿ. ಇನ್ನೊಮ್ಮೆ ಫೋನ್ ಮಾಡಬ್ಯಾಡ!"

ಪಾಪ, ಮಾಡಲಿಲ್ಲ.

ಮುಂದಿನ ವಾರ ನಾದಿನಿಯ ಮದುವೆಗೆಂದು ಧಾರವಾಡಕ್ಕೆ ಹೋದೆ. ಮದುವೆಮನೆಯಲ್ಲೂ ಫೋನು ಬಡಿದುಕೊಳ್ಳುವುದನ್ನು ಬಿಡಲಿಲ್ಲ. ಹಾಳಾಗಿ ಹೋಗಲಿ ಎಂದು ಸ್ವಿಚ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ತುರುಕಿದೆ. ನಾಲ್ಕು ದಿನ ಬಿಟ್ಟು ತೆಗೆದರೆ, ಬಂದು ಬಿದ್ದ ಮೆಸೇಜುಗಳಲ್ಲಿ ನೀಲಂದೂ ಇತ್ತು. ಅವಳು ಬಯಸಿದ ಸೀಟೇ ಸಿಕ್ಕಿತ್ತು. ಒಪ್ಪಿಗೆ ಕೊಟ್ಟು ಫೀಸು ಕಟ್ಟುವ ಗಡುವು ಹಿಂದಿನ ಸಂಜೆಗೇ ಮುಗಿದುಹೋಗಿತ್ತು. ಗಡುವು ತಪ್ಪಿದ್ದಕ್ಕೆ ಸೀಟು ಹಂಚಿಕೆಯ ಮುಂದಿನ ಸುತ್ತಿನಲ್ಲೂ ಅವಳ ಹೆಸರಿರಲಿಲ್ಲ.

ಹುಡುಗಿ ಸೆಂಟರಿಗೆ ಬಂದಾಗ ಸತ್ಯ ಬಾಯಿಗೆ ಬರಲಿಲ್ಲ. "ನಿನ್ನ ರ‍್ಯಾಂಕಿಗೆ ಸೀಟ್ ಸಿಗಲಿಲ್ಲವ್ವಾ," ಅಂದುಬಿಟ್ಟೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ! ವರ್ಷವಿಡೀ ಆ ಮಾತು ನನ್ನನ್ನು ತಿಂದಿತು.

ಈ ವರ್ಷ ಸಿಇಟಿ ಅರ್ಜಿ ಶುರುವಾದ ಮೇಲೆ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ನೀಲಂ ಸಿಕ್ಕಳು. ರಿಸಾರ್ಟ್ ಒಂದರಲ್ಲಿ ಅಡಿಗೆ ಕೆಲಸಕ್ಕೆ ಸೇರಿದ್ದಳಂತೆ. ಗಂಗೂ ಆಚೆ ಕಟ್ಟೆಯ ಮೇಲೆ ಕೂತಿದ್ದಳು.

"ಮತ್ತ ಸಿಇಟಿ ಬರಿಯವಾ. ಅರ್ಜಿ ನಾ ತುಂಬಿ ಕೊಡ್ತೇನಿ," ಅಂದೆ.

"ಬ್ಯಾಡ್ರಿ ಅಕ್ಕಾರ. ನನ್ನ ತಲಿ ಅಷ್ಟ. ಮಗಳು ಭಾಳ ಶಾಣ್ಯಾ ಅಂತ ಮಂದಿ ಮುಂದ ಹೇಳಬ್ಯಾಡ ಅಂತ ಅವ್ವಗೂ ಹೇಳೇನಿ."

ನನಗೆ ಇನ್ನು ತಡೆಯಲಾಗಲಿಲ್ಲ. ಬಂದ ಮೆಸೇಜು, ಮುಚ್ಚಿಟ್ಟ ಫೋನು, ಹೇಳಿದ ಸುಳ್ಳು, ಎಲ್ಲ ಅಲ್ಲೇ ನಿಂತು ಹೇಳಿದೆ. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದು ತಲೆ ತಗ್ಗಿಸಿದೆ.

"ಅಂದ್ರ, ನನಗ ಸೀಟ್ ಸಿಕ್ಕಿತ್ತೇನ್ರಿ?"

"ಸಿಕ್ಕಿತ್ತವಾ."

ಮತ್ತೇನೂ ಕೇಳದೆ ಅವಳು ಕಟ್ಟೆಯ ಕಡೆ ಓಡಿದಳು. "ಅವ್ವಾ, ನನಗ ಸೀಟ್ ಸಿಕ್ಕಿತ್ತಂತ! ನಾ ದಡ್ಡಿ ಅಲ್ಲವ್ವಾ!"

ಉಳಿದದ್ದನ್ನು ಮಗಳು ಹೇಳುವ ಮೊದಲೇ ಗಂಗೂ ಎದ್ದು ನಿಂತು, ಅಲ್ಲಿಂದಲೇ ನನಗೆ ಕೈ ಮುಗಿದಳು.