ಅಪ್ಪ ಮಗಳ ಫಾರ್ಮುಲಾ ಒನ್

ನನಗೆ ಫಾರ್ಮುಲಾ ಒನ್ ಬೇಜಾರಾಗಿ ಎರಡು ವರ್ಷವಾಯಿತು. ಗೆಲ್ಲುವವನೇ ಗೆಲ್ಲುತ್ತಾನೆ. ಮೊದಲ ತಿರುವಿನಲ್ಲಿ ಮುಂದೆ ಹೋದವನು ಕೊನೆಯವರೆಗೂ ಮುಂದೆ, ಉಳಿದವರದು ಬರೀ ಮೆರವಣಿಗೆ. ಎಲ್ಲ ಮುಗಿದ ಮೇಲೆ ಒಳಗೆ ಕೂತ ಸಾಹೇಬರು ಯಾರಿಗೋ ಐದು ಸೆಕೆಂಡು ದಂಡ ಹಾಕಿ ಫಲಿತಾಂಶವನ್ನೇ ತಿರುಗಿಸುತ್ತಾರೆ. ಇದನ್ನು ನೋಡಲು ಭಾನುವಾರವೇ ಬೇಕೇ? ತಿರುವನಂತಪುರದ ಚಾಲೈ ಶಾಖೆಯ ಬ್ಯಾಂಕ್ ಅಧಿಕಾರಿ ನಾನು, ವಾರವಿಡೀ ಇದನ್ನೇ ನೋಡುತ್ತೇನೆ.

ಆದರೂ ಬಿಡುವ ಹಾಗಿರಲಿಲ್ಲ. ಮಗಳು ಸಂಹಿತಾ ಕೊಚ್ಚಿಯಲ್ಲಿ ಕೆಲಸಕ್ಕಿದ್ದಳು. ತಿರುವನಂತಪುರದಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ. ರೇಸಿನ ಮಾತು ಬಂದರೆ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದಳು, ಚಿಕ್ಕಂದಿನಿಂದ ನನ್ನ ಪಕ್ಕ ಕೂತು ನೋಡಿದ ಅಭ್ಯಾಸ. ಪ್ರತಿ ರೇಸು ಮುಗಿದ ಮೇಲೆ ಅವಳ ಫೋನು ಬರುತ್ತಿತ್ತು. ರೇಸು ಬಿಟ್ಟೆನೆಂದರೆ ಆ ಫೋನೂ ಹೋದೀತು ಎಂಬ ಹೆದರಿಕೆ ನನಗೆ. ಹಾಗಾಗಿ ಭಾನುವಾರದ ನಿದ್ದೆ ಮುಗಿಸಿ, ಮೊಬೈಲಿನಲ್ಲಿ ಫಲಿತಾಂಶ ಓದಿಕೊಂಡು, ಕಣ್ಣಾರೆ ಕಂಡವನಂತೆ ಅರ್ಧ ಗಂಟೆ ಕೊರೆಯುತ್ತಿದ್ದೆ. ಮೂವತ್ತು ವರ್ಷ ಓದದೆಯೇ ಸಹಿ ಹಾಕಿದವನಿಗೆ ಅದೇನು ಮಹಾ ಕಷ್ಟವಲ್ಲ.

ಒಂದು ಭಾನುವಾರ, ಒಟ್ಟಿಗೆ ನೋಡೋಣ ಎಂದು ದೊಡ್ಡಸ್ತಿಕೆ ತೋರಿಸಿ, ತಂಪಾನೂರಿನಲ್ಲಿ ರೈಲು ಹತ್ತಿ ಅವಳ ಮನೆಗೆ ಹೋದೆ. ಬಾಳೆಹಣ್ಣು ಕರಿದ ಬಿಸಿ ಪಳಂಪೊರಿ ಮುಂದಿಟ್ಟು ಟೀವಿ ಹಾಕಿದಳು.

"ಆ ಕೆಂಪು ಕಾರು ನೋಡು, ಟಯರ್ ಉಳಿಸ್ಕೊಂಡಿದಾನೆ. ಕೊನೇಲಿ ಹಿಡೀತಾನೆ," ಎಂದೆ.

"ಹೌದಪ್ಪಾ, ಇವತ್ತು ಬಿಡಲ್ಲ ಅವನು," ಎಂದಳು.

ನಲವತ್ತು ಸುತ್ತು ಹೀಗೇ ಪರಸ್ಪರ ಜ್ಞಾನದಾನ ನಡೆಯಿತು. ಅಷ್ಟರಲ್ಲಿ ಮನೆಯಿಂದ ಹೆಂಡತಿ ಸುಮಿತ್ರಳ ಫೋನು. ನಮ್ಮ ದರ್ಬಾರು ಅವಳ ಕಿವಿಗೂ ಬೀಳಲಿ ಎಂದು ಸ್ಪೀಕರ್ ಹಾಕಿದೆ.

"ಏನ್ರೀ ನೋಡ್ತಿದೀರಾ ಇಬ್ರೂ? ಫ್ರಿಜ್ ಮೇಲೆ ನೀವೇ ಅಂಟಿಸಿದ ಪಟ್ಟೀಲಿ ರೇಸು ಮುಂದಿನ ಭಾನುವಾರ ಅಂತಿದೆ."

ಸಂಹಿತಾ ರಿಮೋಟ್ ಒತ್ತಿ ನೋಡಿದಳು. ಓಡುತ್ತಿದ್ದದ್ದು ಹೋದ ವರ್ಷದ ರೇಸು. ನನ್ನ ಮಾನ ಮೂರು ಕಾಸಿಗೆ ಹೋಯಿತು. ಆದರೆ ಮಗಳಿಗೂ ಅದು ಗೊತ್ತಾಗಲಿಲ್ಲವಲ್ಲ ಎಂದು ಹೊಳೆಯಲು ಈ ಮಹಾ ಬುದ್ಧಿವಂತನಿಗೆ ಇನ್ನೊಂದು ಪಳಂಪೊರಿ ತಿನ್ನುವಷ್ಟು ಹೊತ್ತು ಹಿಡಿಯಿತು.

"ನೀನೂ ನೋಡ್ತಿಲ್ವಾ?"

"ಕಾಲೇಜು ಮುಗಿದಾಗ್ಲೇ ಬಿಟ್ಟೆ. ಬೋರು."

"ಮತ್ತೆ ಫೋನ್ ಯಾಕೆ ಮಾಡ್ತಿದ್ದೆ?"

"ನೀವು ಬೇರೆ ಏನೂ ಮಾತಾಡಲ್ವಲ್ಲಾ."

ನಗು ಬಂತು. ಟೀವಿ ಆರಿಸಿದೆ. ಹೆತ್ತ ಮಗಳನ್ನು ಏನು ಕೇಳಬೇಕೆಂದೇ ತೋಚಲಿಲ್ಲ. ಕೊನೆಗೆ ಮದುವೆ ಮನೆಯಲ್ಲಿ ಸಿಕ್ಕ ದೂರದ ನೆಂಟನ ಹಾಗೆ ಕೇಳಿದೆ.

"ಕೆಲಸ ಹೇಗಿದೆ?"

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಕೆಲಸ ಹೋಗಿ ಎರಡು ತಿಂಗಳಾಯ್ತಪ್ಪಾ. ಹೇಳೋಣ ಅಂತಾನೇ ನಾಲ್ಕು ಸಲ ಫೋನ್ ಮಾಡ್ದೆ. ನೀವು ರೇಸಿನ ಕಥೆ ಮುಗಿಸ್ತಾನೇ ಇರ್ಲಿಲ್ಲ."