ಮೈಲಾರವ್ವನ ಖಾತೆ

ಸೀನು ಈಗ ಕ್ಯಾಶಿಯರನ ಜಾಳಿಗೆ ದಾಟಿ ಬೆಂಚಿನ ಕಡೆ ಬರುತ್ತಿದೆ, ಮೊದಲು ಅವನು ಸೀನಿದ, ಆಮೇಲೆ ಅವನೆದುರು ಚೀಟಿ ಹಿಡಿದು ನಿಂತ ರುಮಾಲಿನ ಮುದುಕ, ಆಮೇಲೆ ಬಾಜೂಕ ಕೂತ ಬಳೆ ಮಾರುವ ಖೈರುನಬಿ, ಇನ್ನೇನು ತನ್ನ ಪಾಳಿ ಎಂದು ಅವಳು ಸೆರಗಿನ ತುದಿ ಮೂಗಿಗೆ ಹಿಡಿದಳು — ಪಕ್ಕದ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದರೆಂದರೆ ಕುಂದಗೋಳದ ಈ ಬ್ಯಾಂಕಿನಲ್ಲಿ ಹೀಗೇ, ಕೆಂಪು ಘಾಟು ಗೋಡೆ ದಾಟಿ ಬಂದು ಕಾರಕೂನರು, ಗಿರಾಕಿಗಳು ಎಂದು ಭೇದ ಮಾಡದೆ ಎಲ್ಲರ ಮೂಗು ಹಿಡಿಯುತ್ತದೆ, ಕ್ಯಾಶಿಯರ ಎಣಿಸಿದ್ದು ಮರೆತು ಮತ್ತೆ ಬೆರಳು ನಾಲಗೆಗೆ ಹಚ್ಚಿ ಮೊದಲಿನಿಂದ ಶುರು ಮಾಡುತ್ತಾನೆ, ಬೆಂಚಿಗೆ ಬೆಂಚೇ ನಿಟ್ಟುಸಿರು ಬಿಡುತ್ತದೆ, ಅವಳು ಮಾತ್ರ ಬಿಡುವುದಿಲ್ಲ, ತಡವಾಗಲಿ, ಇನ್ನಷ್ಟು ತಡವಾಗಲಿ, ಬೆನ್ನಿಗೆ ಗೋಡೆ ತಂಪಾಗಿದೆ, ಅಡಿಗೆ ಮುಗಿಸಿಯೇ ಬಂದಾಗಿದೆ, ಬಾಗಿಲಲ್ಲಿ ಬಿಸಿಲು ಹಾಸಿಕೊಂಡು ಬಿದ್ದಿದೆ, ತನ್ನ ಖಾತೆಗೆ ತಡೆ ಹಾಕಿದ ಬ್ಯಾಂಕಿಗೇ ಬಂದು ಕೂತು ಹೀಗೆ ಒಳಗೊಳಗೇ ಖುಷಿಪಡುವ ಗಿರಾಕಿ ಈ ತಾಲೂಕಿನಲ್ಲಿ ತಾನೊಬ್ಬಳೇ ಇರಬೇಕು, ಯಾರಿಗಾದರೂ ಹೇಳಿದರೆ ಹುಚ್ಚಿ ಅಂದಾರು, ಆದರೆ ಸ್ವಲ್ಪ ಹೊತ್ತಿಗೆ ಸಿಪಾಯಿ ಹನಮಪ್ಪ ಒಳಗಿನ ಕೋಣೆಯಿಂದ ಬಂದು, ಕಾಗದ ಕಣ್ಣಿನಿಂದ ದೂರ ಹಿಡಿದು, ಲಿಲಾವು ಕೂಗುವವರ ಹಾಗೆ ಎಳೆದು ಕೂಗುತ್ತಾನಲ್ಲ, ಮೈಲಾರವ್ವ ಭರಮಪ್ಪ, ಕುಬಿಹಾಳ — ಆ ಕೂಗಿಗಾಗಿ. ಆ ಹೆಸರು ಹಿಡಿದು ಅವಳನ್ನು ಕರೆಯುವ ಜಾಗ ಇದೊಂದೇ ಉಳಿದಿದೆ, ತವರಿನಲ್ಲಿ ಅವ್ವ ಕೂಡ ಈಗ, ಬೀಗರ ಕಿವಿಗೆ ಬಿದ್ದೀತೆಂದು, ಮಗಳ ಅಂತಾಳೆ, ಬರೇ ಮಗಳ. ಮನೆಯಲ್ಲಿ ಅವಳು ಸುಜಾತಾ. ಮದುವೆಯಾದಂದಿನಿಂದ ಸುಜಾತಾ. ಇವತ್ತಿನಿಂದ ಇಲ್ಲಿಯೂ ಸುಜಾತಾ — ಬಲಗಡೆ ಕೂತ ಅತ್ತಿಯ ಕೈಚೀಲದಲ್ಲಿ, ಎಲೆಯಡಿಕೆ ಸಂಚಿಯ ಕೆಳಗೆ, ಹುಬ್ಬಳ್ಳಿಯ ವಕೀಲರು ಬರೆದುಕೊಟ್ಟ ಛಾಪಾ ಕಾಗದ ಮಡಚಿಕೊಂಡು ಕೂತಿದೆ, ಇನ್ನು ಮುಂದೆ ಮೈಲಾರವ್ವ ಎಂಬ ಹೆಸರಿನಿಂದ ಯಾವ ವ್ಯವಹಾರವನ್ನೂ ಮಾಡತಕ್ಕದ್ದಲ್ಲ ಎಂದು, ಅದಕ್ಕೆ ಅವಳದೊಂದು ಸಹಿ, ಗುರುತು ಹೇಳಲು ಇದೇ ಬ್ಯಾಂಕಿನಲ್ಲಿ ಖಾತೆ ಇಟ್ಟ ಅತ್ತಿಯದೊಂದು ಹೆಬ್ಬಟ್ಟು, ಅಷ್ಟಾದರೆ ತಡೆ ತೆಗೆಯುತ್ತಾರೆ, ರೊಕ್ಕ ಕೈಗೆ ಬರುತ್ತದೆ, ಹನಮಪ್ಪನ ಕೂಗು ನಿಲ್ಲುತ್ತದೆ. ಅದಕ್ಕೇ ಕ್ಯಾಶಿಯರ ಇನ್ನೊಮ್ಮೆ ಸೀನಲಿ, ಇನ್ನೊಮ್ಮೆ ಎಣಿಸಲಿ.

ಹಾಗಂತ ಆ ಹೆಸರನ್ನು ಅವಳೇನು ಎಂದೂ ಮುದ್ದು ಮಾಡಿದವಳಲ್ಲ, ಅಜ್ಜಿಯ ಹೆಸರು, ಸತ್ತ ಅಜ್ಜಿ ಮತ್ತೆ ಹುಟ್ಟಿ ಬಂದಳೆಂದು ಅಪ್ಪ ಇಟ್ಟದ್ದು, ಹುಬ್ಬಳ್ಳಿ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಮಂಜುಳಾ ಆಯಿತು, ಮಾಲತಿ ಆಯಿತು, ಇನ್ನು ತನ್ನದು ಎನ್ನುವಾಗ ಕಿವಿ ಬಿಸಿಯಾಗುತ್ತಿತ್ತು, ಹಿಂದಿನ ಸಾಲಿನ ಹುಡುಗರು ಮೈಲಾರನ ಜಾತ್ರೆಯವರ ಹಾಗೆ ಏಳುಕೋಟಿ ಏಳುಕೋಟಿ ಎಂದು ಪಿಸುಗುಟ್ಟುವರು, ಅವಳು ಎಸ್ ಸರ್ ಅಂದದ್ದು ಅವಳಿಗೇ ಕೇಳಿಸದೆ ಎಷ್ಟೋ ದಿನ ಎದುರಿಗಿದ್ದೂ ಗೈರುಹಾಜರಿ ಬಿದ್ದಿದೆ. ಹೀಗಿರುವಾಗ ಸುಜಾತಾ ಎಂದು ಹೊಸ ಹೆಸರು ಬಂದಾಗ ಸಂತೋಷವೇ ಆಗಬೇಕಿತ್ತು, ಆಗಿತ್ತು ಕೂಡ, ಇಸ್ತ್ರಿ ಮಾಡಿದ ಸೀರೆಯಂಥ ಹೆಸರು, ಈ ಮನಿಗಿ ಬಂದ ಸೊಸಿಗೆ ಹೊಸ ಹೆಸರ ಇಡೂದು ಮೊದಲಿಂದ ಬಂದೈತಿ ಅಂದರು ಅತ್ತಿ, ಒಂದು ಕಡೆ ತಗ್ಗು ಬಿದ್ದ ಹಿತ್ತಾಳಿ ತಾಟು ತಂದು ಅಕ್ಕಿ ಹರವಿದರು, ಗಂಡನ ಕೈಗೆ ಉಂಗುರ ಕೊಟ್ಟು ಹೆಸರು ಬರೆಸಿದರು, ಇವರು ಸು ಬರೆಯುವಷ್ಟರಲ್ಲಿ ಹಣೆಯ ಬಾಸಿಂಗ ಜಾರಿ ಮೂಗಿಗೆ ಬಂತು, ಎಲ್ಲರೂ ನಕ್ಕರು, ಅವಳು ಮಾತ್ರ ತಲೆ ತಗ್ಗಿಸಿ ತಾಟನ್ನೇ ನೋಡುತ್ತಿದ್ದಳು, ಉಂಗುರ ಹೋದಲ್ಲೆಲ್ಲ ಅಕ್ಕಿ ಎರಡೂ ಕಡೆ ಸರಿದು ತಾಟಿನ ತಳ ಹೊಳೆಯಿತು, ಬಿಳಿಯ ನಡುವೆ ಹಳದಿ ಹೊಳಪು, ಹೆಸರು ಅಂದರೆ ಅಕ್ಕಿ ಇಲ್ಲದ ಜಾಗ ಎಂದು ಆ ಗದ್ದಲದಲ್ಲೂ ಅವಳಿಗೆ ಅನಿಸಿತ್ತು, ಅಷ್ಟರಲ್ಲಿ ಅತ್ತಿ ತಾಟು ಎತ್ತಿ ಒಮ್ಮೆ ಅಲುಗಿಸಿದರು, ತಳ ಮುಚ್ಚಿತು, ಮರುದಿನ ಆ ಅಕ್ಕಿಯದೇ ಪಾಯಸ, ಎಲ್ಲರೂ ಉಂಡರು, ಅವಳೂ ಉಂಡಳು, ರುಚಿಯಾಗಿತ್ತು. ಇನ್ನ ಹಳೇ ಹೆಸರ ಬಾಯಾಗ ಬರಬಾರದು ಅಂದರು ಅತ್ತಿ, ಸಿಟ್ಟಿನಿಂದಲ್ಲ, ಹಾಲಿನ ಮ್ಯಾಲೆ ತಾಟ ಮುಚ್ಚು ಅಂದ ಹಾಗೆ, ಅವಳೂ ಹಾಗೆಯೇ ಮುಚ್ಚಿದಳು, ಎಷ್ಟು ಚೆಂದಾಗಿ ಮುಚ್ಚಿದ್ದಳೆಂದರೆ ದೀಪಾವಳಿಗೆ ಮುಂಚೆ ಇವರ ಜೊತೆ ಮೊದಲ ಸಲ ಇಲ್ಲಿಗೆ ಬಂದಾಗ, ಇವರು ಹೊರಗೆ ಚಹಾ ಕುಡಿಯುತ್ತಿದ್ದಾಗ, ರೊಕ್ಕ ತೆಗೆಯುವ ಚೀಟಿಯ ಮೇಲೆ ಪೆನ್ನು ತಾನೇ ತಾನಾಗಿ ಸುಜಾತಾ ಎಂದು ಬರೆದುಬಿಟ್ಟಿತು. ಕಾರಕೂನ ಹಳೆಯ ಸಹಿಯ ಕಾರ್ಡು ತೆಗೆದು ನೋಡಿದ, ಚೀಟಿ ನೋಡಿದ, ಅವಳನ್ನು ನೋಡಿದ, ಸುಜಾತಾ ಯಾರ್ರಿ, ಖಾತೆ ಮೈಲಾರವ್ವಂದೈತಿ, ಆಕಿ ಎಲ್ಲಿ? ನಾನ ರೀ, ಅಷ್ಟೇ ಅನ್ನಬೇಕಿತ್ತು. ಹಿಂದೆ ಪಾಳಿ ನಿಂತವರೆಲ್ಲ ಕೇಳುತ್ತಿದ್ದರು, ಆ ಹೆಸರು ಬಾಯಲ್ಲಿ ಬರಬಾರದಿತ್ತು. ಆಕಿ ಅದಾಳಿಲ್ಲರಿ? ಅದಾಳು ಎಂದು ಗೋಣು ಹಾಕಿದಳು. ಮತ್ತ ಆಕಿನ್ನ ಕರಕೊಂಡ ಬರ್ರಿ ಅಂದ ಕಾರಕೂನ, ಮಂದೀ ರೊಕ್ಕ ಕೊಡಾಕ ಬರಂಗಿಲ್ಲ ಅಂದ, ಇವರು ಚಹಾ ಮುಗಿಸಿ ಬರುವಷ್ಟರಲ್ಲಿ ಕೆಂಪು ಶಾಯಿಯಲ್ಲಿ ಬರೆದಾಗಿತ್ತು, ಬೇರೆ ವ್ಯಕ್ತಿ ಹಣ ತೆಗೆಯಲು ಯತ್ನಿಸಿದ್ದರಿಂದ ತಡೆ. ತನ್ನದೇ ಖಾತೆಗೆ ತಾನೇ ಕಳ್ಳಿ. ಇವರು ಬೈಯಲಿಲ್ಲ, ಬಸ್ಸಿನಲ್ಲಿ ನಗತೊಡಗಿದರು, ನಗು ತಡೆಯಲಿಕ್ಕೆ ಕಿಟಕಿಯ ಹೊರಗೆ ನೋಡುತ್ತಿದ್ದರು, ಅವಳಿಗೂ ನಗು ಬಂತು, ಅವತ್ತೇ ಇವರು ತನ್ನವರು ಅನಿಸಿದ್ದು.

ನಕ್ಕರೂ ತಡೆ ತಡೆಯೇ, ಅದೂ ಅವಳಿಗಷ್ಟೇ, ಬ್ಯಾಂಕಿಗಲ್ಲ, ಸಹಿ ತಪ್ಪಿದ್ದಕ್ಕೊಂದು ಚಾರ್ಜು ಮುರಿದರು, ತಡೆ ಹಾಕಿದ್ದಕ್ಕೊಂದು, ಅವ್ವ ಬೆಣ್ಣೆ ಮಾರಿ ಮಾರಿ ಕೂಡಿಹಾಕಿದ ರೊಕ್ಕ, ಅವಳು ತೆಗೆಯಬೇಕೆಂದರೆ ಬರುವುದಿಲ್ಲ, ಅವರು ತೆಗೆದುಕೊಳ್ಳಬೇಕೆಂದರೆ ಬರುತ್ತದೆ. ಮೈಲಾರವ್ವ ಭರಮಪ್ಪ ಇವರು ಖುದ್ದು ಹಾಜರಾಗತಕ್ಕದ್ದೆಂದು ಕುಬಿಹಾಳಕ್ಕೆ ರಿಜಿಸ್ಟರ ನೋಟೀಸು ಕಳಿಸಿ ಅದರ ಖರ್ಚನ್ನೂ ಅದೇ ಖಾತೆಯಿಂದ ಮುರಿದುಕೊಂಡರು, ಓದಲು ಬಾರದ ಅವ್ವ ಯಾರಿಂದಲೋ ಓದಿಸಿ, ಲಕೋಟೆ ಸೆರಗಿನಲ್ಲಿ ಕಟ್ಟಿಕೊಂಡು ಸಿಕ್ಕ ಬಸ್ಸಿಗೆ ಬಂದುಬಿಟ್ಟಿದ್ದಳು, ಸರಕಾರದವರು ನಿನ್ನ ಹುಡಕಾಕತ್ತಾರಂತಲ್ಲ ಮಗಳ, ಏನ ಮಾಡೀದಿ. ಈಗ ನೆನೆದರೂ ತುಟಿ ಬಿರಿಯುತ್ತದೆ, ಅವ್ವ ಅತ್ತಿ ಇಬ್ಬರೂ ಕೂಡಿ ಬ್ಯಾಂಕಿಗೆ ಹಿಡಿಶಾಪ ಹಾಕುತ್ತ ರೊಟ್ಟಿ ಬಡಿದರು, ಬೀಗತಿಯರು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು. ಇತ್ತ ಖೈರುನಬಿ ಬಳೆಯ ಬುಟ್ಟಿಯನ್ನು ಕಾಲಿನ ನಡುವೆ ಎಳೆದುಕೊಂಡು ಅತ್ತಿಗೆ ಹೇಳುತ್ತಿದ್ದಾಳೆ, ವರ್ಷ ಪೂರ್ತಿ ಖಾತೆ ಮುಟ್ಟಲಿಲ್ಲಂತ ನನಗೂ ಚಾರ್ಜ ಮುರದಾರ ಯಕ್ಕಾ, ಮುಟ್ಟಬಾರದಂತನ ಇಲ್ಲಿ ತಂದಿಟ್ಟಿದ್ನೆಲ್ಲ, ಮುಟ್ಟೂದಿದ್ರ ಮನ್ಯಾಗ ಗಡಿಗ್ಯಾಗ ಇಡತಿದ್ದಿಲ್ಲೇನು. ಅತ್ತಿ ಅಡಿಕೆ ಕಡಿಯುತ್ತ, ನಮ್ಮಂಥಾ ಹೆಬ್ಬಟ್ಟಿನವರಿಗೆ ಇಷ್ಟರ ಸಸಾರ ಐತಿ, ಹೆಬ್ಬಟ್ಟಿಗೆ ಲಗ್ನಾದ್ರೇನು ಬಿಟ್ಟರೇನು, ಈ ಕಲತವರದ ನೋಡು ಅಂದರು, ಅವಳ ಮೊಣಕೈಗೆ ಮೊಣಕೈ ತಾಗಿಸಿ. ಚುಚ್ಚುಮಾತೇ ಸರಿ, ಆದರೆ ಸುಣ್ಣ ಹದವಾಗಿ ಹಚ್ಚಿದ ಎಲೆಯ ಹಾಗೆ, ಉರಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಬಾಜೂಕ ಬಡಿಗ ಶರೀಫಸಾಬನ ಅಂಗಡಿಯಲ್ಲಿ ಅವಳ ಟೇಬಲ್ಲು ಸಿದ್ಧವಾಗಿ ನಿಂತಿದೆ, ಬೇವಿನ ಕಟ್ಟಿಗೆಯದು, ಒಂದೇ ಡ್ರಾಯರು, ಮಧ್ಯಾಹ್ನ ಮನೆ ಮಲಗಿದಾಗ ಕಿಟಕಿಯ ಹತ್ತಿರ ಹಾಕಿಕೊಂಡು ತನ್ನಷ್ಟಕ್ಕೆ ಬರೆಯುತ್ತ ಕೂಡಲಿಕ್ಕೆ, ಇವರು ತಾವೇ ಕೊಡಿಸುತ್ತೇನೆ ಅಂದಾಗ, ಬ್ಯಾಡ್ರಿ, ಅದು ನನ್ನ ರೊಕ್ಕದ್ದ ಇರಲಿ ಅಂದಿದ್ದಳು, ಈ ಮನೆಯಲ್ಲಿ ಅವಳು ಕೇಳಿದ್ದು ಅದೊಂದೇ. ಬರುವಾಗ ನೋಡಿದಳು, ಶರೀಫಸಾಬ ಗೋಣಿತಟ್ಟು ಹೊದಿಸಿ ಇಟ್ಟಿದ್ದಾನೆ, ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು, ಮುಸುಕು ಹಾಕಿಕೊಂಡು ದಾರಿ ನೋಡುವವರ ಹಾಗೆ, ಸುಜಾತಾ ಎಂದು ಒಂದು ಸಹಿ ಮಾಡಿದರೆ ಸಂಜೆಗೆ ಚಕ್ಕಡಿಯಲ್ಲಿ ಮನೆಗೆ ಬರುತ್ತದೆ, ಆದರೆ ಅದರ ಮೇಲೆ ಮೊಣಕೈ ಊರಿ ಕೂಡುವವಳು ಯಾರು, ಯಾರ ಟೇಬಲ್ಲು —

ಮೈಲಾರವ್ವ ಭರಮಪ್ಪ, ಕುಬಿಹಾಳ. ಎಳೆದು, ರವ್ವದಲ್ಲಿ ಬಾಗಿ ಮೇಲೆದ್ದ ಕೂಗು, ಬೆಂಚಿನ ತುದಿಯವರೆಗೂ ಬಂತು, ಮುಗಿದೇಹೋಯಿತು, ಕೊನೆಯದು, ಅವಳು ಎದ್ದಳು, ಸೀರೆಯ ನಿರಿಗೆ ಸರಿಮಾಡಿಕೊಂಡಳು, ಅತ್ತಿ ಹಿಂದೆ ಬಂದರು. ಒಳಗೆ ಈ ವಾರವಷ್ಟೇ ಬಂದ ಹೊಸ ಮ್ಯಾನೇಜರು, ಮೈಸೂರ ಕಡೆಯವರು, ಕೂತ್ಕೊಳ್ಳಿ ಅಂದರು, ಛಾಪಾ ಕಾಗದ ಓದಿದರು, ಕಾರ್ಡು ನೋಡಿದರು, ಕನ್ನಡಕ ತೆಗೆದರು. ಹೆಸರು ಬದಲಾಯಿಸಬೇಕಾದ್ರೆ ಇದೆಲ್ಲ ಬೇಕಮ್ಮ, ಬರೀ ದುಡ್ಡು ತೆಗೀಲಿಕ್ಕಾದ್ರೆ ಹಳೇ ಸಹಿನೇ ಹಾಕಿ, ಇವರೇ ಮೈಲಾರವ್ವ ಅಂತ ಖಾತೆ ಇರೋರೊಬ್ಬರು ಹೇಳಿದ್ರೆ ಸಾಕು, ತಡೆ ತೆಗೀತೀನಿ, ಮುರಿದ ಚಾರ್ಜು ಮಾತ್ರ ವಾಪಸ್ ಬರಲ್ಲ. ಇಷ್ಟು ದಿನ ಇದನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಿರಲೂ ಇಲ್ಲ. ಈಗ ಮೇಜಿನ ಮೇಲೆ ಒಂದು ಕಡೆ ಛಾಪಾ ಕಾಗದ, ಇನ್ನೊಂದು ಕಡೆ ಖಾಲಿ ಚೀಟಿ, ನಡುವೆ ಅವಳ ಕೈ, ಬಾಜೂಕ ಅತ್ತಿಯ ಉಸಿರು ಎಲೆಯಡಿಕೆಯ ವಾಸನೆ, ಬಾಯಾಗ ಬರಬಾರದು ಅಂದವರು, ಅವರ ಮುಖ ನೋಡಬೇಕು, ನೋಡಲಾರಳು, ಕಾಲೇಜಿನ ಹಾಜರಿಯ ಹಾಗೆ ಕಿವಿ ಬಿಸಿಯಾಗುತ್ತಿದೆ, ಮಂಜುಳಾ ಆಯಿತು, ಮಾಲತಿ ಆಯಿತು. ಹಳೇದ್ದ ಮಾಡ್ತೀನ್ರಿ. ಯಾರು ಅಂದದ್ದು? ತಾನೇ. ಈ ಸಲ ಕೇಳಿಸಿತು, ಮ್ಯಾನೇಜರಿಗೂ ಕೇಳಿಸಿತು, ಅವರು ತಲೆಯಾಡಿಸಿ ಅತ್ತಿಯ ಕಡೆ ತಿರುಗಿದರು. ಗುರುತು ಹೇಳೋರು ನೀವೇ ತಾನೆ, ನಿಮ್ಮ ಹೆಸರು? ಶಾರದವ್ವ ರೀ. ಯಜಮಾನರ ಹೆಸರು? ಅತ್ತಿ ಸೆರಗು ತಲೆಯ ಮೇಲೆ ಎಳೆದುಕೊಂಡರು, ಗಂಡನ ಹೆಸರು ಹಾಗೆ ಬರಿದೇ ಹೇಳುತ್ತಾರೇನು, ಗಂಟಲು ಸರಿಮಾಡಿಕೊಂಡು, ಮದುವೆ ಮನೆಯ ಚಾಪೆಯ ಮೇಲೆ ಕೂತವರ ಗತ್ತಿನಲ್ಲಿ ಒಡಪು ಕಟ್ಟಿದರು — ಬ್ಯಾಂಕಿನ ಜಾಳಗಿ ಕಬ್ಬಿಣದ್ದು, ಕುಬೇರಪ್ಪನವರ ಮನಸು ಬೆಲ್ಲದ್ದು. ಹೊರಗಿನ ಬೆಂಚಿನಿಂದ ಖೈರುನಬಿ ಶಾಭಾಸ್ ಅಂದದ್ದು ಕೇಳಿತು, ಪೆನ್ನು ಹಿಡಿದ ಮ್ಯಾನೇಜರು ಕಕ್ಕಾಬಿಕ್ಕಿ, ಬಾಗಿಲಲ್ಲಿ ನಿಂತ ಹನಮಪ್ಪ, ಕುಬೇರಪ್ಪ ಅಂತ ಬರಕೋರಿ ಸಾಹೇಬ್ರ, ಉಳದದ್ದ ಬ್ಯಾಂಕಿಗಿ ಬೈದದ್ದು ಅಂದ. ನಗೆ ಇಳಿಯಿತು. ಮ್ಯಾನೇಜರು ಅವಳ ಕಡೆ ಪೆನ್ನು ತೋರಿಸಿ, ಇವರು ಯಾರು? ನಮ್ಮ ಸೊಸಿ ರೀ. ಹೆಸರು ಹೇಳ್ಬೇಕಮ್ಮ. ಗೋಡೆಯಾಚೆ ಯಾರೋ ಸೀನಿದರು. ಅತ್ತಿ ಅವಳ ಕಡೆ ನೋಡಲಿಲ್ಲ, ಮೇಜಿನ ಅಂಚು ನೋಡುತ್ತಿದ್ದರು, ಇದಕ್ಕೆ ಒಡಪು ಇಲ್ಲ, ಬಳಸಿಕೊಂಡು ಹೋಗಲು ದಾರಿಯಿಲ್ಲ, ಇನ್ನೊಂದು ಸಲ ಸೀನು, ಆಮೇಲೆ ಅತ್ತಿಯ ದನಿ, ಯಾವತ್ತಿನ ಬಿರುಸು ಇಲ್ಲದೆ,

ಮೈಲಾರವ್ವ ರೀ ಈಕಿ. ಭರಮಪ್ಪನ ಮಗಳು, ಕುಬಿಹಾಳದಾಕಿ. ಅಂದು ಹೆಬ್ಬಟ್ಟು ಒತ್ತಿದರು, ಒತ್ತಿ, ನೀಲಿ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡರು, ಛಾಪಾ ಕಾಗದ ಮಡಚಿ ಮತ್ತೆ ಸಂಚಿಯ ಕೆಳಗೆ ತುರುಕಿದರು, ಇಲ್ಲಿ ಏನರ ಇರು, ಮನ್ಯಾಗ ಮಾತ್ರ ಸುಜಾತಾ, ತಿಳೀತಿಲ್ಲೋ. ಅವಳು ಹೂಂ ಅಂದಳು, ಚೀಟಿ ಎಳೆದುಕೊಂಡಳು, ಪೆನ್ನಿನ ತುದಿ ಕಾಗದಕ್ಕೆ ತಾಗಿತು, ಮೈ, ಕೈಗೆ ಇನ್ನೂ ನೆನಪಿದೆ, ಬಾಗು ತಾನೇ ಬರುತ್ತದೆ, ಟೇಬಲ್ಲಿನ ನಾಲ್ಕು ಕಾಲು ಗೋಣಿತಟ್ಟಿನಿಂದ ಹೊರಗೆ ಬರುತ್ತಿವೆ, ಲಾ, ಆಗ ಅತ್ತಿ ಕಿವಿಯ ಹತ್ತಿರ ಬಗ್ಗಿ, ಹೆಬ್ಬೆರಳಿನಲ್ಲಿ ಉಳಿದ ನೀಲಿಯನ್ನೇ ನೋಡುತ್ತ, ತವರಾಗ, ಯರಗುಪ್ಪ್ಯಾಗ, ನಾ ಗುರವ್ವ ಇದ್ನಿ, ಕರಿಯೂ ಮಂದಿ ಎಲ್ಲಾ ಹೋದ್ರು ಅಂದರು, ಮಳೆ ಬಂದು ಹೋಯಿತು ಅಂದ ಹಾಗೆ, ಅಷ್ಟೇ, ಅಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಅದೇ ತಾಟು. ಅದೇ ಇರಬೇಕು, ಮೊದಲಿಂದ ಬಂದೈತಿ ಅಂದಿದ್ದರಲ್ಲ, ಈ ಮನೆಯಲ್ಲಿ ಇನ್ನೊಂದು ಹಿತ್ತಾಳಿ ತಾಟು ಎಲ್ಲಿದೆ, ಒಂದು ಕಡೆ ತಗ್ಗು ಬಿದ್ದದ್ದು, ಆಗ ಇನ್ನೂ ಬಿದ್ದಿರದ ತಗ್ಗು, ಅದರ ಮುಂದೆ ತಲೆ ತಗ್ಗಿಸಿ ಕೂತ ಒಬ್ಬ ಹುಡುಗಿ, ಕುಬೇರಪ್ಪ ಮಾವನವರ ಎಳೆಯ ಕೈ, ಉಂಗುರ, ಶಾ ಎಂದು ಉಂಗುರ ಹೋದಲ್ಲಿ ಎರಡೂ ಕಡೆ ಸರಿಯುವ ಅಕ್ಕಿ, ಯಾರೋ ಅಲುಗಿಸಲು ತಾಟು ಎತ್ತುತ್ತಾರೆ, ಇನ್ನೂ ಎತ್ತಿಲ್ಲ, ಪೆನ್ನು ರ ಮೇಲೆ ನಿಂತಿದೆ, ಮ್ಯಾನೇಜರು ಕಾಯುತ್ತಿದ್ದಾರೆ, ಅಕ್ಕಿ ಸರಿದಲ್ಲಿ ತಾಟಿನ ತಳ, ಬಿಳಿಯ ನಡುವೆ ಹಳದಿ, ಹೊಳೆಯುವ ತಳ —